ಒಂದು ಹನಿ ರಕ್ತ ಸಾಕು, ಕೇಳುವವರು ಬೇಕು

ಖಾನಾಪುರದ ಹಂಚು-ಇಟ್ಟಂಗಿ ಭಟ್ಟಿಗಳಲ್ಲಿ, ಬೆಳಗಾವಿ ಉದ್ಯಮಬಾಗದ ಫೌಂಡ್ರಿಗಳಲ್ಲಿ ದುಡಿಯುವವರೆಲ್ಲ ಈ ನೆಲದಲ್ಲೇ ಹುಟ್ಟಿದವರಲ್ಲ. ಹೊಟ್ಟೆಪಾಡಿಗಾಗಿ ಉತ್ತರದ ರಾಜ್ಯಗಳಿಂದ ಬಂದವರೂ ನಮ್ಮ ಮಗ್ಗುಲಲ್ಲೇ ನಿಂತು ಬೆವರು ಸುರಿಸುತ್ತಾರೆ. ಅವರಲ್ಲೊಬ್ಬನಿಗೆ ಹದಿನೈದು ದಿನ ಕಳೆದರೂ ಜ್ವರ ಬಿಡದಿದ್ದರೆ ಅವನ ಗತಿ ಏನು? ಇದು ಅವನೊಬ್ಬನ ಪ್ರಶ್ನೆಯಲ್ಲ, ಕಾರ್ಮಿಕರೆಲ್ಲರ ಪ್ರಶ್ನೆ.

ಬಿಹಾರ, ಝಾರ್ಖಂಡ, ಪಶ್ಚಿಮ ಬಂಗಾಲ, ಉತ್ತರ ಪ್ರದೇಶಗಳ ಬಡವರನ್ನು ಬಹುಕಾಲ ಕಾಡಿದ ಜ್ವರ ಕಾಲಾ ಆಜಾರ. ಮಣ್ಣಿನ ಗೋಡೆಯ ಬಿರುಕಿನಲ್ಲಿ, ತೇವದ ನೆಲದಲ್ಲಿ ಬದುಕುವ ಮರಳುನೊಣ ಕಚ್ಚಿದಾಗ ಒಂದು ಪರೋಪಜೀವಿ ಮೈಯೊಳಗೆ ಸೇರುತ್ತದೆ. ಗುಲ್ಮ ಉಬ್ಬುತ್ತದೆ, ರಕ್ತ ಬತ್ತುತ್ತದೆ, ಮೈ ಸೊರಗುತ್ತದೆ. ಚಿಕಿತ್ಸೆ ಸಿಗದಿದ್ದರೆ ಬದುಕುಳಿಯುವವರು ತೀರ ವಿರಳ. ಈ ಜೀವಿಯನ್ನು 1903ರಲ್ಲಿ ಲೋಕಕ್ಕೆ ತಿಳಿಸಿದವರು ಲೀಶ್ಮನ್ ಮತ್ತು ಮದ್ರಾಸಿನಲ್ಲಿದ್ದ ಡೊನೊವನ್ ಎಂಬ ವೈದ್ಯರು.

ರೋಗ ಖಚಿತವಾಗಬೇಕಾದರೆ ಹಿಂದೆ ಗುಲ್ಮಕ್ಕೋ ಮೂಳೆಯ ಮಜ್ಜೆಗೋ ಸೂಜಿ ಚುಚ್ಚಬೇಕಿತ್ತು. ಗುಲ್ಮಕ್ಕೆ ಚುಚ್ಚಿದರೆ ಒಳಗೆ ರಕ್ತ ಸೋರುವ ಭಯ. ನುರಿತ ಕೈ, ಸೂಕ್ಷ್ಮದರ್ಶಕ, ದೊಡ್ಡ ಆಸ್ಪತ್ರೆ ಎಲ್ಲವೂ ಬೇಕು. ಹಳ್ಳಿಯ ಕೂಲಿಕಾರನಿಗೆ ಅದೆಲ್ಲಿಯದು? ವಿಜ್ಞಾನ ಬೇರೆ ದಾರಿ ಹುಡುಕಿತು. ಪರೋಪಜೀವಿಯ ಒಂದು ಪ್ರೋಟೀನನ್ನು ತಯಾರಿಸುವ ವಂಶವಾಹಿಯ ತುಣುಕನ್ನು ನಿರುಪದ್ರವಿ ಬ್ಯಾಕ್ಟೀರಿಯಾದೊಳಗೆ ಕೂಡಿಸಿದರು. ಹೆಪ್ಪು ಹಾಕಿದ ಹಾಲು ಮೊಸರಾಗುವಂತೆ ಆ ಬ್ಯಾಕ್ಟೀರಿಯಾ ಬೆಳೆದು, ಬೇಕಾದಷ್ಟು ಪ್ರೋಟೀನು ಕೈಗೆ ಬಂತು. ಇದೇ ಮರುಸಂಯೋಜಿತ ಆ್ಯಂಟಿಜನ್. ಕಾಲಾ ಆಜಾರಕ್ಕೆ ಬಳಸುವುದರ ಹೆಸರು ಆರ್‌ಕೆ-39. ವಿಜ್ಞಾನಿಗಳು ಇದನ್ನು ವರದಿ ಮಾಡಿದ್ದು 1993ರಲ್ಲಿ. ಇದನ್ನು ಸವರಿದ ಪಟ್ಟಿಗೆ ಬೆರಳಿನ ಒಂದು ಹನಿ ರಕ್ತ ತಾಕಿಸಿದರೆ ಸಾಕು. ರೋಗದ ವಿರುದ್ಧ ಮೈ ತಯಾರಿಸಿದ ಪ್ರತಿಕಾಯಗಳು ರಕ್ತದಲ್ಲಿದ್ದರೆ ಕೆಲವೇ ನಿಮಿಷಗಳಲ್ಲಿ ಗೆರೆ ಮೂಡುತ್ತದೆ.

ಈ ಪಟ್ಟಿ, ಔಷಧಿ, ಮನೆಮನೆಗೆ ಮದ್ದು ಸಿಂಪಡಣೆ, ಆಶಾ ಕಾರ್ಯಕರ್ತೆಯರ ದುಡಿಮೆ ಎಲ್ಲ ಸೇರಿ, 2007ರಲ್ಲಿ ದೇಶದಲ್ಲಿ 44 ಸಾವಿರ ದಾಟಿದ್ದ ರೋಗಿಗಳ ಸಂಖ್ಯೆ 2023ರಲ್ಲಿ ಸಾವಿರಕ್ಕಿಂತ ಕೆಳಗಿಳಿಯಿತು. ಸಂತೋಷದ ಮಾತು. ಆದರೆ ಅಪಾಯವೂ ಇಲ್ಲೇ ಇದೆ. ವಿರಳವಾದ ರೋಗ ವೈದ್ಯರ ನೆನಪಿನಿಂದ ಜಾರುತ್ತದೆ. ಬಿಹಾರದ ದವಾಖಾನೆಯಲ್ಲಿ ಮೊದಲು ಹೊಳೆಯುವ ಹೆಸರು ಬೆಳಗಾವಿಯಲ್ಲಿ ಕೊನೆಗೂ ಹೊಳೆಯದಿರಬಹುದು.

ಹಾಗೆಂದು ಪಟ್ಟಿಯನ್ನು ಸಿಕ್ಕಸಿಕ್ಕಲ್ಲಿ ಮಾರುವ ಸರಕು ಮಾಡುವುದು ಸಲ್ಲದು. ಸೇರಿನಿಂದ ಬಟ್ಟೆ ಅಳೆಯಲಾಗದು, ಗಜಕೋಲಿನಿಂದ ಅಕ್ಕಿ ಅಳೆಯಲಾಗದು. ಇದು ಅಂಗಡಿಕಾರ ಬಂಧುಗಳಿಗೆ ನಾವು ಹೇಳಬೇಕಾದ್ದಲ್ಲ. ರೋಗ ವಾಸಿಯಾದ ಮೇಲೂ ಪ್ರತಿಕಾಯಗಳು ಬಹುಕಾಲ ಉಳಿಯುತ್ತವೆ; ಆದ್ದರಿಂದ ಗೆರೆಯೊಂದನ್ನೇ ನಂಬಿ ರೋಗ ಮರುಕಳಿಸಿತೆಂದು ಹೇಳುವಂತಿಲ್ಲ. ಎರಡು ವಾರ ದಾಟಿದ ಜ್ವರ, ಉಬ್ಬಿದ ಗುಲ್ಮ, ಪಟ್ಟಿಯ ಗೆರೆ ಇವು ಮೂರನ್ನೂ ವೈದ್ಯರು ಕೂಡಿಸಿ ನೋಡಬೇಕು. ಕ್ಷಯರೋಗಕ್ಕೆಂದು ಮಾರುತ್ತಿದ್ದ ರಕ್ತದ ಪ್ರತಿಕಾಯ ಪರೀಕ್ಷೆಗಳು ನಂಬಲರ್ಹವಲ್ಲವೆಂದು 2012ರಲ್ಲಿ ಕೇಂದ್ರ ಸರ್ಕಾರವೇ ನಿಷೇಧಿಸಬೇಕಾಯಿತು. ಬಡವನ ಜೇಬಿಗೆ ಕೈಹಾಕುವ ಖೋಟಾ ತೂಕ ಅದು. ಒಳ್ಳೆಯ ತೂಕವೂ ವ್ಯಾಪಾರಿಯ ದುರಾಸೆಗೆ ಸಿಕ್ಕರೆ ಕೆಡುತ್ತದೆ.

ಆದುದರಿಂದ ನಮ್ಮ ಬೇಡಿಕೆ ಸರಳ. ಬಹುದಿನದ ಜ್ವರ ಹೊತ್ತು ಬಂದವನನ್ನು ಸರಕಾರಿ ದವಾಖಾನೆಯಲ್ಲಿ "ಎಲ್ಲಿಂದ ಬಂದೆಯಪ್ಪಾ, ಎಷ್ಟು ದಿನವಾಯಿತು?" ಎಂದು ಕೇಳಬೇಕು. ಪಟ್ಟಿ ಮತ್ತು ಔಷಧಿ ಜಿಲ್ಲಾ ಆಸ್ಪತ್ರೆಯಲ್ಲಿ ಪುಕ್ಕಟೆ ದೊರೆಯಬೇಕು. ರೋಗಿಯ ಕೂಲಿ ನಷ್ಟಕ್ಕೆ ಹಣ ಕೊಡುವ ಪದ್ಧತಿ ರಾಷ್ಟ್ರೀಯ ಕಾರ್ಯಕ್ರಮದಲ್ಲಿದೆ. ದುಡಿಯಲು ದೂರ ಬಂದವನಿಗೂ ಅದು ಸಲ್ಲಬೇಕು. ಜ್ವರ ಬಂದವನನ್ನು ರೈಲು ಹತ್ತಿಸಿ ಕೈತೊಳೆದುಕೊಳ್ಳುವುದು ಗುತ್ತಿಗೆದಾರನಿಗೆ ಸುಲಭ. ಅದಕ್ಕೆ ನಾವು ಅವಕಾಶ ಕೊಡಬಾರದು.

ಕಾಲಾ ಆಜಾರ ಜೊತೆಗೆ ಕೂತು ಉಂಡರೆ ಅಂಟುವ ರೋಗವಲ್ಲ. ಜ್ವರದ ಸಂಗಾತಿಯನ್ನು ದೂರವಿಡಬೇಡಿ. ಕೈ ಹಿಡಿದು ದವಾಖಾನೆಗೆ ಕರೆದೊಯ್ಯಿರಿ.