ಶ್ರೀತಾಳೆ ಹೂ ಬಿಟ್ಟರೆ ಕೊಡಲಿ ಏಕೆ?



ಕಳೆದ ಫೆಬ್ರವರಿಯಲ್ಲಿ ನಮ್ಮ ಸಂಘದ ಹಿರಿಯ ಸದಸ್ಯರೊಬ್ಬರು ಕಾಫಿ ಚೀಲಗಳ ಲೆಕ್ಕ ಮುಗಿಸಿ ಹೊರಟವರು ಬಾಗಿಲ ಬಳಿ ಮತ್ತೆ ನಿಂತು, "ಸೆಕ್ರೆಟ್ರಿಗಳೇ, ದೊಡ್ಡ ಮರ ಕಡಿಯುವ ಆಳು ಯಾರಾದರೂ ಇದ್ದರೆ ಕಳಿಸಿಕೊಡಿ" ಎಂದರು. ಸಿಲ್ವರ್ ಓಕ್ ಇರಬೇಕೆಂದು ನಾವು ಭಾವಿಸಿದೆವು. ಅಲ್ಲ, ಹಿತ್ತಲಿನ ಶ್ರೀತಾಳೆ. ಅವರ ತಂದೆಯವರು ಘಟ್ಟದ ಕೆಳಗಿನಿಂದ ಸಸಿ ತಂದು ನೆಟ್ಟಿದ್ದು. ಈಗ ಸುಳಿಯಿಂದ ಹೂವಿನ ಕಂಬ ಎದ್ದಿದೆ. ಅದು ಅರಳುವ ಮೊದಲೇ ಕಡಿಸದಿದ್ದರೆ ಮನೆಯ ಯಜಮಾನನಿಗೆ ಆಗಿಬರುವುದಿಲ್ಲವೆಂದು ಯಾರೋ ಹೇಳಿದ್ದಾರೆ. ಮನೆಯ ಹೆಂಗಸರಿಗೆ ಎರಡು ರಾತ್ರಿಯಿಂದ ನಿದ್ದೆಯಿಲ್ಲ.

ನಾವು ಆಳನ್ನು ಕಳಿಸಲಿಲ್ಲ. ಅದು ಸರಿಯೇ ತಪ್ಪೇ ಎಂದು ಆಮೇಲೆ ಕೆಲವು ಸದಸ್ಯರು ನಮ್ಮನ್ನು ಕೇಳಿದ್ದುಂಟು. ಆದುದರಿಂದ ನಮ್ಮ ಅಭಿಪ್ರಾಯವನ್ನು ಇಲ್ಲಿ ಬರೆಯುತ್ತಿದ್ದೇವೆ.

ಅಡಿಕೆ, ತೆಂಗು, ಬೈನೆ, ಈಚಲು, ತಾಳೆ, ಶ್ರೀತಾಳೆ ಎಲ್ಲವೂ ಒಂದೇ ಕುಟುಂಬದ ಮರಗಳು. ಈ ಕುಟುಂಬವನ್ನು ಬಿಟ್ಟು ನಮ್ಮ ಮನೆಗಳಲ್ಲಿ ಒಂದು ಶುಭಕಾರ್ಯವೂ ನಡೆಯುವುದಿಲ್ಲ. ಕಳಶದ ಮೇಲೆ ತೆಂಗಿನಕಾಯಿ, ಅಕ್ಕಿಯ ಮೇಲೆ ಗಣಪತಿಯಾಗಿ ಕೂರುವ ಬೆಟ್ಟಡಿಕೆ, ಚಪ್ಪರಕ್ಕೆ ಅಡಿಕೆ ದಬ್ಬೆ, ಸೋಗೆ, ಶೃಂಗಾರಕ್ಕೆ ಬೈನೆ ಗರಿ. ನಾಗರ ಪಂಚಮಿಗೆ ಸಿಂಗಾರ ಬೇಕೇ ಬೇಕು. ಘಟ್ಟದ ಕೆಳಗಿನವರು ಹಿಂಗಾರ ಎನ್ನುತ್ತಾರೆ, ಅಲ್ಲಿ ನಾಗಮಂಡಲದ ಪಾತ್ರಿಯ ಕೈಯಲ್ಲಿ ಇರುವುದೂ ಅದೇ. ಒಂದು ಹೊಂಬಾಳೆ ಕೊಯ್ದರೆ ಆ ವರ್ಷ ಆ ಮರದಲ್ಲಿ ಒಂದು ಕೊನೆ ಕಡಿಮೆ. ಆದರೂ ದೇವರಿಗೆ ಕೊಯ್ದ ಹೊಂಬಾಳೆಯನ್ನು ನಷ್ಟವೆಂದು ಲೆಕ್ಕ ಬರೆದಿಟ್ಟ ಬೆಳೆಗಾರನನ್ನು ನಾವು ಕಂಡಿಲ್ಲ. ನಮ್ಮ ಕ್ರೈಸ್ತ ಸದಸ್ಯರು ಗರಿಗಳ ಭಾನುವಾರ ತೆಂಗಿನ ಎಳೆಗರಿ ಹಿಡಿದು ಇಗರ್ಜಿಗೆ ಹೋಗುತ್ತಾರೆ. ಮುಸ್ಲಿಂ ಸದಸ್ಯರು ಉಪವಾಸ ಬಿಡುವ ಖರ್ಜೂರವೂ ಈ ಕುಟುಂಬದ್ದೇ.

ಇವುಗಳಲ್ಲಿ 'ಶ್ರೀ' ಎಂಬ ಗೌರವ ಸಿಕ್ಕಿರುವುದು ಒಂದೇ ಮರಕ್ಕೆ. ಕಾರಣ ಅದರ ಗರಿ. ಸಾಮಾನ್ಯ ತಾಳೆಯ ಗರಿ ದಪ್ಪ, ಒರಟು. ಶ್ರೀತಾಳೆಯ ಗರಿ ತೆಳು, ಉದ್ದ, ಬಳುಕುವಂಥದು. ಎಳೆಯ ಗರಿಗಳನ್ನು ಬಿಡಿಸಿ, ಬೇಯಿಸಿ, ಒಣಗಿಸಿ, ಅಳತೆಗೆ ಕತ್ತರಿಸಿ, ಕಬ್ಬಿಣದ ಕಂಠದಿಂದ ಕೊರೆದು, ಮೇಲೆ ಮಸಿ ತಿಕ್ಕಿದರೆ ಅಕ್ಷರ ಶತಮಾನಗಳವರೆಗೆ ನಿಲ್ಲುತ್ತದೆ. ಮೂಡಬಿದಿರೆಯ ಬಸದಿಯಲ್ಲಿ ಜೈನರ ಧವಲಾ ಗ್ರಂಥದ ಓಲೆಗಳು ಉಳಿದುಬಂದು ಸುಮಾರು ಒಂಬೈನೂರು ವರ್ಷಗಳಾದವು. ಕೌಟಿಲ್ಯನ ಅರ್ಥಶಾಸ್ತ್ರ ಹೆಸರಿಗೆ ಮಾತ್ರ ಉಳಿದಿದ್ದ ಕಾಲದಲ್ಲಿ, 1905ರಲ್ಲಿ, ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಆರ್. ಶಾಮಾಶಾಸ್ತ್ರಿಗಳ ಕೈಗೆ ಸಿಕ್ಕಿದ್ದು ಗ್ರಂಥಲಿಪಿಯ ಒಂದು ಓಲೆಗರಿ ಪ್ರತಿ. 1909ರಲ್ಲಿ ಅದು ಅಚ್ಚಾಯಿತು. ನಮ್ಮ ಕನ್ನಡ ಅಕ್ಷರ ದುಂಡಗಿರುವುದೂ ನೇರ ಗೆರೆ ಎಳೆದರೆ ಗರಿ ಸೀಳುತ್ತದೆಂಬ ಕಾರಣಕ್ಕೆ ಎಂದು ಲಿಪಿ ಬಲ್ಲವರು ಹೇಳುವುದುಂಟು. ವೇದ, ಪುರಾಣ, ಪಂಚಾಂಗ, ವೈದ್ಯ, ಜಮೀನಿನ ಪತ್ರ, ಸಾಲದ ಲೆಕ್ಕ, ಎಲ್ಲವೂ ಓಲೆಯ ಮೇಲೆಯೇ ಕುಳಿತು ನಮ್ಮವರೆಗೆ ಬಂದವು. ಮಳೆಗಾಲದಲ್ಲಿ ತಲೆಯ ಮೇಲಿನ ಓಲೆಕೊಡೆ ಬೇರೆ.

ಈಗ ಹೂವಿನ ವಿಚಾರ. ಈ ಮರ ಮೂವತ್ತರಿಂದ ಎಂಬತ್ತು ವರ್ಷ ಬೆಳೆಯುತ್ತದೆ, ಒಮ್ಮೆ ಮಾತ್ರ ಹೂ ಬಿಡುತ್ತದೆ. ಅಷ್ಟೂ ವರ್ಷ ಕಾಂಡದಲ್ಲಿ ಕೂಡಿಟ್ಟ ಹಿಟ್ಟನ್ನೆಲ್ಲ ಆ ಒಂದು ಹೂಗೊಂಚಲಿಗೆ ಸುರಿಯುತ್ತದೆ. ಇಪ್ಪತ್ತು ಅಡಿಗೂ ಎತ್ತರದ, ಲಕ್ಷಗಟ್ಟಲೆ ಸಣ್ಣ ಹೂಗಳ ಆ ಗೊಂಚಲಿನಷ್ಟು ದೊಡ್ಡದು ಸಸ್ಯಲೋಕದಲ್ಲಿಯೇ ಬೇರೊಂದಿಲ್ಲ. ಕಾಯಿ ಬಲಿಯಲು ಸುಮಾರು ಒಂದು ವರ್ಷ ಬೇಕು. ಕಾಯಿ ಉದುರುವ ಹೊತ್ತಿಗೆ ಗರಿಗಳು ಜೋತುಬಿದ್ದು ಮರ ಸಾಯುತ್ತದೆ. ಬುಡದಲ್ಲಿ ಬಾಳೆಯಂತೆ ಕಂದು ಒಡೆಯುವುದಿಲ್ಲ. ಮುಂದಿನ ಪೀಳಿಗೆ ಬರುವುದಿದ್ದರೆ ಆ ಬೀಜದಿಂದಲೇ ಬರಬೇಕು.

ಹೂ ಬಿಡುವ ಮುನ್ನ ಕಡಿದರೆ ಆಗುವುದೇನು? ಮರವಂತೂ ಉಳಿಯುವುದಿಲ್ಲ. ಅದು ಅರವತ್ತು ವರ್ಷ ಯಾವುದಕ್ಕಾಗಿ ಬದುಕಿತೋ ಅದನ್ನು ಮಾಡುವ ಮೊದಲೇ ಕೊಂದಂತೆ. ಹೀಗೆ ಒಂದೊಂದು ಊರಿನಲ್ಲಿ ಒಂದೊಂದು ಮರ ಕಡಿದು ಸಸಿಯೇ ಸಿಗದಂತಾಗಿದೆ.

ಹಳಬರ ನಂಬಿಕೆಗಳನ್ನು ಮೂಢನಂಬಿಕೆಯೆಂದು ಒಂದೇ ಮಾತಿನಲ್ಲಿ ತಳ್ಳಿಹಾಕುವವರ ಪೈಕಿ ನಾವಲ್ಲ. ಬಿದಿರು ಹೂ ಬಿಟ್ಟರೆ ಬರಗಾಲ ಎನ್ನುತ್ತಾರೆ; ಅದರಲ್ಲಿ ಹುರುಳಿದೆ. ಬಿದಿರಕ್ಕಿ ತಿಂದು ಇಲಿಗಳು ಮಿತಿಮೀರಿ ಹೆಚ್ಚಿ, ಅಕ್ಕಿ ಮುಗಿದ ಮೇಲೆ ಗದ್ದೆಗೆ, ಕಣಜಕ್ಕೆ ನುಗ್ಗುತ್ತವೆ. ಮಿಜೋರಾಂನಲ್ಲಿ 1959ರಲ್ಲಿ ಹೀಗೆಯೇ ಕ್ಷಾಮ ಬಂದಿತು. ಆದರೆ ಶ್ರೀತಾಳೆಯ ವಿಷಯದಲ್ಲಿ ಅಂಥ ಕಾರಣವೊಂದೂ ನಮಗೆ ಕಾಣುವುದಿಲ್ಲ. ನಮ್ಮ ಊಹೆ ಇಷ್ಟೇ: ಮರ ನೆಟ್ಟವನು ಹೂ ಕಾಣುವ ಹೊತ್ತಿಗೆ ಮುದುಕನಾಗಿರುತ್ತಾನೆ, ಇಲ್ಲವೇ ಅವನ ಮಗ ಮುದುಕನಾಗಿರುತ್ತಾನೆ. ಎಂಬತ್ತರ ಹಿರಿಯರು ಆ ವರ್ಷ ತೀರಿಕೊಂಡರೆ ಅಪವಾದ ಮರದ ಮೇಲೆ.

ಇದನ್ನು ಬರೆಯಲು ನಮಗೆ ಸ್ವಂತ ಕಾರಣವೂ ಉಂಟು. ನಾವು ಹೈಸ್ಕೂಲಿನಲ್ಲಿ ಓದುತ್ತಿದ್ದಾಗ ನಮ್ಮ ಮನೆಯ ಬಚ್ಚಲ ಹಿಂದಿನ ಶ್ರೀತಾಳೆಯೂ ಹೀಗೆಯೇ ಕಂಬ ಎತ್ತಿತ್ತು. ಅಜ್ಜ ಹಾಸಿಗೆ ಹಿಡಿದಿದ್ದರು. ಊರ ಹಿರಿಯರೊಬ್ಬರ ಮಾತು ಕೇಳಿ ತಂದೆಯವರು ಮರ ಕಡಿಸಿದರು. ನಾಲ್ಕು ಆಳು ಒಂದು ಹಗಲು ಕೆಲಸ ಮಾಡಿದರು. ಅಜ್ಜ ಹದಿನೈದು ದಿನಕ್ಕೆ ತೀರಿಕೊಂಡರು. ಕಡಿದದ್ದು ತಡವಾಯಿತೆಂದು ಊರಿನಲ್ಲಿ ಮಾತಾಯಿತೇ ಹೊರತು ಕಡಿದದ್ದು ವ್ಯರ್ಥವಾಯಿತೆಂದು ಯಾರೂ ಹೇಳಲಿಲ್ಲ. ನಮ್ಮ ಮನೆಯಲ್ಲಿ ಮುತ್ತಜ್ಜನ ಕಾಲದ ಎರಡು ಓಲೆಕಟ್ಟುಗಳಿವೆ. ನವರಾತ್ರಿಯ ಶಾರದಾ ಪೂಜೆಗೆ ಅವನ್ನು ಮಣೆಯ ಮೇಲಿಟ್ಟು ಕುಂಕುಮ ಹಚ್ಚುತ್ತೇವೆ. ಆ ವರ್ಷವೂ ಹಚ್ಚಿದೆವು, ಮರದ ಬೊಡ್ಡೆ ಹಿತ್ತಲಲ್ಲಿ ಇನ್ನೂ ಹಸಿಯಾಗಿಯೇ ಇತ್ತು. ಆಮೇಲೆ ಸಸಿಗಾಗಿ ನಾವು ಹುಡುಕಿದ್ದು ಕಡಿಮೆಯಲ್ಲ. ನಮ್ಮ ಸುತ್ತಿನ ಊರುಗಳಲ್ಲಿ ಸಿಗಲಿಲ್ಲ.

ಎಲೆಚುಕ್ಕಿ ರೋಗದಿಂದ, ಹಳದಿ ಎಲೆ ರೋಗದಿಂದ ಅಡಿಕೆ ತೋಟಗಳೇ ಸೊರಗಿರುವಾಗ ಕಾರ್ಯದರ್ಶಿಗಳಿಗೆ ಈ ನಿರುಪಯೋಗಿ ಮರದ ಚಿಂತೆಯೇ ಎಂದು ಕೇಳುವವರಿದ್ದಾರೆ. ಕೇಳಲಿ. ಮದ್ದಿನ ವಿಚಾರ, ಬೆಲೆಯ ವಿಚಾರ ಈ ಪತ್ರಿಕೆಯಲ್ಲಿ ಪ್ರತಿ ಸಂಚಿಕೆಯಲ್ಲೂ ಬರುತ್ತದೆ, ಮುಂದೆಯೂ ಬರುತ್ತದೆ. ಶ್ರೀತಾಳೆಯನ್ನು ಅಡಿಕೆ ತೋಟದ ನಡುವೆ ಹಾಕಿರೆಂದು ನಾವು ಹೇಳುತ್ತಿಲ್ಲ. ಅದರ ಒಂದು ಎಲೆಯೇ ಹದಿನೈದು ಅಡಿ ಅಗಲ ಹರಡುತ್ತದೆ, ಕೆಳಗಿನ ಗಿಡ ಏಳುವುದಿಲ್ಲ. ಬೇಲಿಯ ಮೂಲೆ, ಕಾನಿನ ಅಂಚು, ಕಣದಾಚೆಯ ಖಾಲಿ ಜಾಗ ಸಾಕು. ಮನೆಯ ಮಾಡಿಗೆ ತೀರ ಹತ್ತಿರ ನೆಡುವುದು ತರವಲ್ಲ; ಒಣಗಿದ ಗರಿ ಬಿದ್ದರೆ ಹಂಚು ಉಳಿಯುವುದಿಲ್ಲ. ಸತ್ತ ಮರವನ್ನು ಮಳೆಗಾಲಕ್ಕೆ ಮುಂಚೆ ಉರುಳಿಸಬೇಕಾದದ್ದೂ ನಿಜ. ಆ ಕೆಲಸಕ್ಕೆ ಆಳು ಕೇಳಿದರೆ ಖಂಡಿತ ಕಳಿಸುತ್ತೇವೆ. ಕಾಯಿ ಉದುರಿದ ಮೇಲೆ.

ಆ ಸದಸ್ಯರ ಮನೆಗೆ ನಾವೇ ಹೋದೆವು. ಅವರ ಪುರೋಹಿತರನ್ನೂ ಕರೆಸಲಾಯಿತು. ಹೂ ಬಿಟ್ಟ ಶ್ರೀತಾಳೆಯನ್ನು ಕಡಿಯಬೇಕೆಂಬ ವಿಧಿಯನ್ನು ತಾವು ಎಲ್ಲಿಯೂ ಓದಿಲ್ಲವೆಂದು ಅವರು ಸ್ಪಷ್ಟವಾಗಿ ಹೇಳಿದರು. ಮನಸ್ಸಿನ ಸಮಾಧಾನಕ್ಕೆ ಗಣಹೋಮ ಮಾಡಿಸಬಹುದೆಂದೂ ಹೇಳಿದರು. ಮಾಡಿಸಿದರು. ಮನೆಯ ಹಿರಿಯಮ್ಮ ಮಾತ್ರ ನಮ್ಮೊಡನೆ ಮಾತಾಡಲಿಲ್ಲ, ಕಾಫಿ ಮಾತ್ರ ಕೊಟ್ಟರು. ಮೇ ತಿಂಗಳಲ್ಲಿ ಹೂ ಪೂರ್ತಿ ಅರಳಿತು. ಜೇನುನೊಣಗಳ ಸದ್ದು ಅಂಗಳದವರೆಗೆ ಕೇಳುತ್ತಿತ್ತು. ಶಾಲೆಯ ಮಕ್ಕಳನ್ನು ಮೇಷ್ಟರು ಸಾಲಾಗಿ ಕರೆತಂದು ತೋರಿಸಿದರು. ಈಗ ಹಸಿರು ಕಾಯಿ ತುಂಬಿದೆ, ಯಜಮಾನರು ಮೊನ್ನೆಯೂ ಸಂಘಕ್ಕೆ ಬಂದು ಗೊಬ್ಬರ ಒಯ್ದರು.

ಕಾಯಿ ಉದುರಿದಾಗ ಬೀಜವನ್ನು ಸಂಘಕ್ಕೆ ಕೊಡಲು ಅವರು ಒಪ್ಪಿದ್ದಾರೆ. ಇದರ ಬೀಜ ಮೊಳೆಯಲು ತಿಂಗಳುಗಳೇ ಹಿಡಿಯುತ್ತವೆ. ಮೊಳಕೆ ಮೊದಲು ಮಣ್ಣಿನ ಆಳಕ್ಕೆ ಇಳಿದು ಅನಂತರ ಮೇಲೆ ಬರುತ್ತದೆ. ಆದ್ದರಿಂದ ಕಾಫಿ ಸಸಿಯ ಚಿಕ್ಕ ತೊಟ್ಟೆ ಆಗದು, ಆಳವಾದ ಚೀಲ ಬೇಕು ಅಥವಾ ನೆಡುವ ಸ್ಥಳದಲ್ಲಿಯೇ ಗುಂಡಿ ತೆಗೆದು ಬೀಜ ಹಾಕಬೇಕು. ಹಂದಿ ಕೆದಕದಂತೆ ಸುತ್ತ ಮುಳ್ಳು ಕಟ್ಟುವುದು ಕ್ಷೇಮ. ಬೇಕಾದ ಸದಸ್ಯರು ಕಛೇರಿಯ ಗುಮಾಸ್ತರಲ್ಲಿ ಹೆಸರು ಬರೆಸತಕ್ಕದ್ದು. ಮನೆಗೆ ಎರಡು ಬೀಜದಂತೆ ಕೊಡಲಾಗುವುದು, ದರವಿಲ್ಲ. ತಮ್ಮ ಸುತ್ತಿನಲ್ಲಿ ಬೇರೆಲ್ಲಾದರೂ ಶ್ರೀತಾಳೆ ಕಂಬ ಎತ್ತಿದ್ದರೆ, ಕೊಡಲಿ ಬೀಳುವ ಮೊದಲು ನಮಗೆ ತಿಳಿಸಬೇಕಾಗಿ ವಿನಂತಿ.