ಒಂದರಿಂದ ಮತ್ತೆ

ಮಕ್ಕಳೇ, ನಿಮ್ಮ ಅಜ್ಜನಿಗೆ ಹತ್ತರವರೆಗೆ ಎಣಿಸಲು ಬರುತ್ತದೆಯೇ? ನಗಬೇಡಿ. 35 ವರ್ಷ ಬ್ಯಾಂಕಿನಲ್ಲಿ ನೋಟು ಎಣಿಸಿದ ನನಗೆ ಅದು ಬರುವುದಿಲ್ಲ ಎಂದು 72ನೆಯ ವಯಸ್ಸಿನಲ್ಲಿ ಗೊತ್ತಾಯಿತು.

ಕಳೆದ ಡಿಸೆಂಬರಿನಲ್ಲಿ ಆರನೆಯ ತರಗತಿಯ ಮೊಮ್ಮಗಳನ್ನು ಕರೆದುಕೊಂಡು ಅಣ್ಣಿಗೇರಿಯಿಂದ ಹುಬ್ಬಳ್ಳಿ, ತಡಸ ದಾಟಿ ಮುಂಡಗೋಡಕ್ಕೆ ಹೋಗಿದ್ದೆ. 1959ರಲ್ಲಿ ದಲಾಯಿ ಲಾಮಾ ಟಿಬೆಟ್ ಬಿಟ್ಟು ಭಾರತಕ್ಕೆ ಬಂದರು. ಅವರ ಹಿಂದೆ ಬಂದ ಸಾವಿರಾರು ಜನರಲ್ಲಿ ಕೆಲವರಿಗೆ 1966ರಲ್ಲಿ ಮುಂಡಗೋಡದ ಹತ್ತಿರ ನೆಲೆ ಸಿಕ್ಕಿತು. ಟಿಬೆಟ್ಟಿನ ಗಾಂದೆನ್, ಡ್ರೆಪುಂಗ್ ಮಠಗಳನ್ನು ಅಲ್ಲಿ ಹೊಸದಾಗಿ ಕಟ್ಟಿಕೊಂಡಿದ್ದಾರೆ. ಅಂಗಳದಲ್ಲಿ ಭಿಕ್ಷುಗಳು ವಾದ ಮಾಡುತ್ತಿದ್ದರು. ನಿಂತವನು ಜೋರಾಗಿ ಚಪ್ಪಾಳೆ ತಟ್ಟಿ, ಕಾಲು ಅಪ್ಪಳಿಸಿ ಪ್ರಶ್ನೆ ಕೇಳುತ್ತಾನೆ. ಕುಳಿತವನು ಸಿಟ್ಟಾಗದೆ ಉತ್ತರ ಕೊಡುತ್ತಾನೆ.

"ಅಜ್ಜಾ, ಜಗಳಾಡಾಕತ್ತಾರೇನು?" ಎಂದಳು ಮೊಮ್ಮಗಳು.

ಪಕ್ಕದಲ್ಲಿದ್ದ ಮುದಿ ಭಿಕ್ಷುವೊಬ್ಬರು ನಕ್ಕರು. ಅವರಿಗೆ ಕನ್ನಡ ಬರುತ್ತಿತ್ತು. ಮಾತಿಗೆ ಮಾತು ಬೆಳೆದು, ಧ್ಯಾನ ಎಂದರೆ ಏನು ಮಾಡಬೇಕು ಎಂದು ಕೇಳಿದೆ. "ಬೆನ್ನು ನೆಟ್ಟಗ ಮಾಡಿ ಕುಂದರ್ರಿ. ಉಸಿರು ಬಿಟ್ಟಾಗೊಮ್ಮೆ ಎಣಸ್ರಿ, ಒಂದರಿಂದ ಹತ್ತು. ತಪ್ಪಿದ್ರ ಮತ್ತ ಒಂದರಿಂದ" ಎಂದರು. ಇಷ್ಟೇನಾ ಎನ್ನಿಸಿತು.

ಊರಿಗೆ ಬಂದು ಮರುದಿನ ನಸುಕಿನ ಐದಕ್ಕೆ ನವಲಗುಂದದ ಜಮಖಾನೆ ಹಾಸಿ ಕುಳಿತೆ. ಒಂದು, ಎರಡು, ಮೂರು... ಅಷ್ಟರಲ್ಲಿ ಹೆಸರುಕಾಳಿನ ಧಾರಣಿ ನೆನಪಾಯಿತು. ಮತ್ತೆ ಒಂದರಿಂದ. ನಾಲ್ಕಕ್ಕೆ ಕರೆಂಟ್ ಬಿಲ್ಲು. ಮತ್ತೆ ಒಂದರಿಂದ. ಎರಡಕ್ಕೇ ಮೊಣಕಾಲು ನೋವು. ನೂರು ನೋಟಿನ ಕಟ್ಟನ್ನು ಕಣ್ಣು ಮುಚ್ಚಿ ಎಣಿಸುತ್ತಿದ್ದ ನಾನು ವಾರ ಕಳೆದರೂ ಹತ್ತು ಉಸಿರು ಮುಟ್ಟಲಿಲ್ಲ.

ಓಣಿಯ ಗೆಳೆಯರೊಬ್ಬರು, "ಏನ್ರೀ, ಈ ವಯಸ್ಸಿನಾಗ ಬೌದ್ಧ ಆದ್ರೇನು?" ಎಂದರು. "ಪೂಜಿ ಬಿಟ್ಟಿಲ್ರೀ, ಸಿಟ್ಟು ಬಿಡಾಕ ನೋಡಾಕತ್ತೀನಿ" ಎಂದೆ. ಬುದ್ಧ ನಮ್ಮ ಭಾಗಕ್ಕೆ ಹೊಸಬನೂ ಅಲ್ಲ. ಗದಗ ಜಿಲ್ಲೆಯ ಡಂಬಳದಲ್ಲಿ ಸಿಕ್ಕ 1095ರ ಶಾಸನ, ಅಲ್ಲಿದ್ದ ತಾರಾದೇವಿಯ ಗುಡಿಯನ್ನೂ 16 ಜನ ಸೆಟ್ಟರು ಕಟ್ಟಿಸಿದ ಬೌದ್ಧ ವಿಹಾರವನ್ನೂ ಹೇಳುತ್ತದೆ. ಅವರೂ ನನ್ನ ಹಾಗೆ ಲೆಕ್ಕದ ಜನ!

ಸಿಟ್ಟಿನ ಮಾತು ತಮಾಷೆಗೆ ಹೇಳಿದ್ದಲ್ಲ. ಬ್ಯಾಂಕಿನಲ್ಲಿದ್ದಾಗ ಒಮ್ಮೆ ಮುದಿ ರೈತನೊಬ್ಬ ಹಣ ತೆಗೆಯುವ ಚೀಟಿಯನ್ನು ತಪ್ಪು ತುಂಬಿ ತಂದ. ಸಾಲಿನಲ್ಲಿ ಎಲ್ಲರ ಎದುರಿಗೆ ಒದರಿಬಿಟ್ಟೆ. ಆತ ಏನೂ ಅನ್ನಲಿಲ್ಲ. ಚೀಟಿ ಮಡಚಿ ಕಿಸೆಯಲ್ಲಿಟ್ಟುಕೊಂಡು, ಹಣ ತೆಗೆಯದೆ ಹೊರಟುಹೋದ. ಅಂದು ಅವನಿಗೆ ಆ ಹಣ ಯಾತಕ್ಕೆ ಬೇಕಾಗಿತ್ತೋ! ಸಂಜೆ ನನ್ನ ಲೆಕ್ಕ ಪೈಸೆಗೆ ಪೈಸೆ ಸರಿಹೊಂದಿತು. ಆದರೆ ಆ ಒಂದು ಲೆಕ್ಕ ಇಂದಿಗೂ ಹೊಂದಿಲ್ಲ.

ಫೆಬ್ರವರಿಯಲ್ಲಿ ಒಂದು ಸಂಜೆ ಮೊಮ್ಮಗಳ ಪಾಟೀಚೀಲದ ತಳದಲ್ಲಿ ಗಣಿತದ ಪೇಪರ್ ಸಿಕ್ಕಿತು. 25ಕ್ಕೆ 9. ಭಿನ್ನರಾಶಿಯೆಲ್ಲ ತಪ್ಪು. ಇನ್ನೂ ಪೇಪರ್ ಕೊಟ್ಟಿಲ್ಲ ಎಂದು ನಾಲ್ಕು ದಿನದಿಂದ ಹೇಳುತ್ತಿದ್ದಳು. ನನ್ನ ಕಿವಿ ಬಿಸಿಯಾಯಿತು. ಆಗ ಒಂದು ಹೊಸ ಸಂಗತಿ ನಡೆಯಿತು: ಉಸಿರು ಜೋರಾದದ್ದು ನನಗೇ ಗೊತ್ತಾಯಿತು. ಸುಮ್ಮನೆ ನಿಂತು ಎಣಿಸಿದೆ. ಒಂದು, ಎರಡು, ಮೂರು...

"ಬೈಯೂದಿಲ್ಲೇನು?" ಎಂದಳು, ಗೋಡೆಗೆ ಅಂಟಿಕೊಂಡು.

"ಸುಳ್ಳು ಯಾಕ ಹೇಳಿದೆವ್ವಾ?"

"ನೀ ಒದರ್ತಿ ಅಂತ."

ನನಗೆ ಮಾತೇ ಹೊರಡಲಿಲ್ಲ. ಬುದ್ಧ ಹೇಳಿದ ಅಷ್ಟಾಂಗ ಮಾರ್ಗದಲ್ಲಿ ಸರಿಯಾದ ಮಾತು ಎನ್ನುವುದೂ ಒಂದು. ಅದಕ್ಕೆ ಬಿಡಬೇಕಾದವು ನಾಲ್ಕು: ಸುಳ್ಳು, ಚಾಡಿ, ಬಿರುನುಡಿ, ಹುರುಳಿಲ್ಲದ ಹರಟೆ. ಅವಳ ಸುಳ್ಳು, ನನ್ನ ಬಿರುನುಡಿ ಎರಡೂ ಒಂದೇ ಪಟ್ಟಿಯಲ್ಲಿವೆ. ಅವಳ ತಪ್ಪಿಗೆ ಬೀಜ ಹಾಕಿದವನು ನಾನು. ಅಂದು ಇಬ್ಬರೂ ನೆಲದ ಮೇಲೆ ಕುಳಿತು, ಒಂದು ರೊಟ್ಟಿಯನ್ನು ಎಂಟು ತುಂಡು ಮಾಡಿ ಭಿನ್ನರಾಶಿ ಕಲಿತೆವು. ಲೆಕ್ಕ ಮುಗಿಯುವ ಮೊದಲೇ ರೊಟ್ಟಿ ಮುಗಿಯಿತು.

ಇದರಿಂದ ಅಜ್ಜ ಬುದ್ಧನಾದ ಎಂದು ತಿಳಿಯಬೇಡಿ. ಮೊನ್ನೆ ಅವಳ ಕೈ ತಾಗಿ ನನ್ನ ಪಾಸ್‌ಬುಕ್ಕಿನ ಮೇಲೆ ಚಹಾ ಚೆಲ್ಲಿತು. ಮತ್ತೆ ಒದರಿದೆ. ಆದರೆ ಈ ಸಲ ಅವಳು ಓಡಿಹೋಗಲಿಲ್ಲ. ಅರಿವೆ ತಂದು ಒರೆಸುತ್ತ, "ಅಜ್ಜಾ, ಎಣಿಕಿ ತಪ್ಪಿತು. ಮತ್ತ ಒಂದರಿಂದ" ಎಂದಳು. ನನ್ನನ್ನು ತಿದ್ದುವಷ್ಟು ಧೈರ್ಯ ಅವಳಿಗೆ ಬಂದಿತ್ತು. ಇಷ್ಟು ದಿನದ ಗಳಿಕೆ ಅದೇ ಎಂದು ನನ್ನ ಪುಸ್ತಕದಲ್ಲಿ ಜಮಾ ಮಾಡಿಕೊಂಡೆ.

ಅಜ್ಜ-ಅಜ್ಜಿಯರೇ, ನೆಲದ ಮೇಲೆ ಕೂಡಲಾಗದಿದ್ದರೆ ಕುರ್ಚಿಯಾದರೂ ಆದೀತು. ಉಸಿರು ಬಿಗಿಹಿಡಿಯಬೇಡಿ, ಅದು ತನ್ನಷ್ಟಕ್ಕೆ ಬಂದು ಹೋಗಲಿ. ಮಕ್ಕಳೇ, ಇಂದು ರಾತ್ರಿ ಅವರ ಪಕ್ಕದಲ್ಲಿ ಕುಳಿತು ನೀವೂ ಎಣಿಸಿ ನೋಡಿ. ಯಾರ ಎಣಿಕೆ ಮೊದಲು ತಪ್ಪಿತೆಂದು ಒಬ್ಬರಿಗೊಬ್ಬರು ನಿಜ ಹೇಳಿರಿ. ನಾನಂತೂ ಇನ್ನೂ ಏಳರ ಹತ್ತಿರವೇ ಇದ್ದೇನೆ.