ಗುರಿ ಮಗುವಿನದು, ಹೊಣೆ ಯಾರದು?

2025ರ ಫೆಬ್ರುವರಿಯಲ್ಲಿ ಮಂಡ್ಯ ಜಿಲ್ಲೆಯ ನಾಗಮಂಗಲ ತಾಲ್ಲೂಕಿನ ಕೋಳಿ ಫಾರ್ಮ್ ಒಂದರಲ್ಲಿ ಹದಿಹರೆಯದ ಹುಡುಗನೊಬ್ಬ ಅಲ್ಲಿದ್ದ ಬಂದೂಕನ್ನು ಆಟಕ್ಕೆಂದು ಕೈಗೆತ್ತಿಕೊಂಡ. ಗುಂಡು ಹಾರಿತು. ಪಶ್ಚಿಮ ಬಂಗಾಳದಿಂದ ದುಡಿಯಲು ಬಂದಿದ್ದ ಕುಟುಂಬದ ಪುಟ್ಟ ಮಗು ತೀರಿಕೊಂಡಿತು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಶಿರಸಿ ತಾಲ್ಲೂಕಿನಲ್ಲಿ, ಮಂಗ ಓಡಿಸಲು ಇಟ್ಟುಕೊಂಡಿದ್ದ ಏರ್‌ಗನ್ನಿನ ಗುಂಡು ತಗುಲಿ ಒಂಬತ್ತು ವರ್ಷದ ಬಾಲಕ ಸತ್ತ. ಆ ಗನ್ ಅವನ ತಮ್ಮನ ಕೈಯಲ್ಲಿತ್ತು ಎಂದು ವರದಿಯಾಯಿತು.

ಎರಡೂ ಸುದ್ದಿಗಳು ಒಂದೆರಡು ದಿನ ಮೊಬೈಲ್‌ನಲ್ಲಿ ಓಡಾಡಿ ಮರೆಯಾದವು. ಕೆಳಗಿನ ಕಾಮೆಂಟುಗಳಲ್ಲಿ ಎರಡೇ ಮಾತು. ಒಂದು, ‘ವಿಧಿ’. ಇನ್ನೊಂದು, ‘ಮಕ್ಕಳ ಕೈಗೆ ಗನ್ ಸಿಗಲೇಬಾರದು’. ಎರಡನೆಯದು ಸರಿ ಎನ್ನಿಸುತ್ತದೆ, ಆದರೆ ಅದು ಪೂರ್ತಿ ನಿಜವಲ್ಲ. ನಮ್ಮ ದೇಶದಲ್ಲಿ ಪ್ರತಿದಿನ ಸಾವಿರಾರು ಮಕ್ಕಳು ಕೈಯಲ್ಲಿ ರೈಫಲ್, ಪಿಸ್ತೂಲು ಹಿಡಿದು ಗುರಿ ಇಡುತ್ತಾರೆ. ಬೆಂಗಳೂರಿನ ತಿಲೋತ್ತಮಾ ಸೆನ್ 2023ರ ಕೈರೊ ವಿಶ್ವಕಪ್‌ನಲ್ಲಿ 10 ಮೀಟರ್ ಏರ್ ರೈಫಲ್‌ನಲ್ಲಿ ಕಂಚು ಗೆದ್ದಾಗ ಆಕೆಗೆ 14 ವರ್ಷ. ಮನು ಭಾಕರ್ ಕಾಮನ್‌ವೆಲ್ತ್ ಚಿನ್ನ ಗೆದ್ದಿದ್ದು 16ಕ್ಕೆ. ಅಷ್ಟು ದೂರ ಹೋಗುವುದೇ ಬೇಡ, ಎನ್‌ಸಿಸಿ ಜೂನಿಯರ್ ವಿಂಗಿನಲ್ಲಿ ಹೈಸ್ಕೂಲು ಹುಡುಗ ಹುಡುಗಿಯರು ಪಾಯಿಂಟ್ 22 ರೈಫಲ್‌ನಿಂದ ಫೈರಿಂಗ್ ಮಾಡುತ್ತಾರೆ. ಈ ಪುಟ ಓದುವವರಲ್ಲೇ ‘ಬಿ’, ‘ಸಿ’ ಸರ್ಟಿಫಿಕೇಟ್ ಇರುವವರು ಎಷ್ಟೋ ಮಂದಿ ಇದ್ದೀರಿ.

ಹಾಗಾದರೆ ಫಾರ್ಮಿನ ಹುಡುಗನಿಗೂ ರೇಂಜಿನ ಹುಡುಗನಿಗೂ ಏನು ವ್ಯತ್ಯಾಸ? ಬುದ್ಧಿಯದ್ದಲ್ಲ. ವಯಸ್ಸಿನದೂ ಅಲ್ಲ, ಬಹುತೇಕ ಒಂದೇ ವಯಸ್ಸು.

ಎನ್‌ಸಿಸಿ ಫೈರಿಂಗ್ ದಿನವನ್ನು ನೆನಪಿಸಿಕೊಳ್ಳಿ. ಬೆಳಿಗ್ಗೆಯೇ ಕೆಂಪು ಬಾವುಟ ಏರಿಸಿ ಸುತ್ತಲಿನವರಿಗೆ ಎಚ್ಚರಿಕೆ ಕೊಡುತ್ತಾರೆ. ಗುರಿಯ ಹಿಂದೆ ಮಣ್ಣಿನ ದಿಬ್ಬ ಇರುತ್ತದೆ. ಕೆಡೆಟ್ ಮಲಗುವ ತನಕ ಕೈಗೆ ಗುಂಡು ಬರುವುದಿಲ್ಲ. ಗುಂಡು ಎಣಿಸಿ ಕೊಡುತ್ತಾರೆ, ಖಾಲಿ ಕಾಡತೂಸು ಎಣಿಸಿ ವಾಪಸ್ ಪಡೆಯುತ್ತಾರೆ. ಒಂದು ಕಡಿಮೆ ಬಿದ್ದರೆ ಹುಲ್ಲಿನಲ್ಲಿ ಹುಡುಕಿ ಸಿಗುವವರೆಗೂ ಯಾರೂ ಊಟಕ್ಕೆ ಏಳುವಂತಿಲ್ಲ. ‘ಭರ್’ ಅಂದ ಮೇಲೆ ತುಂಬಬೇಕು, ‘ಫೈರ್’ ಅಂದ ಮೇಲೆ ಹೊಡೆಯಬೇಕು, ‘ಖಾಲಿ ಕರ್’ ಅಂದರೆ ಖಾಲಿ ಮಾಡಿ ತೋರಿಸಬೇಕು. ಗುಂಡು ಸಿಕ್ಕಿಹಾಕಿಕೊಂಡರೆ ‘ಸರ್, ನೋಡ್ರಿ’ ಎಂದು ರೈಫಲ್ ಹಿಡಿದು ಹಿಂದಕ್ಕೆ ತಿರುಗಿದವನಿಗೆ ಬೈಗುಳ ಕಟ್ಟಿಟ್ಟ ಬುತ್ತಿ. ನಳಿಕೆ ಗುರಿಯ ಕಡೆಗೇ ಇಟ್ಟು ಕೈ ಎತ್ತಬೇಕು. ಪ್ರತಿ ಕೆಡೆಟ್‌ನ ಪಕ್ಕದಲ್ಲಿ ದೊಡ್ಡವರೊಬ್ಬರು ಕೈ ಚಾಚಿದರೆ ರೈಫಲ್ ಸಿಗುವಷ್ಟು ಹತ್ತಿರ ಇರುತ್ತಾರೆ. ಅಂತರರಾಷ್ಟ್ರೀಯ ಪಂದ್ಯಗಳಲ್ಲೂ ಹೀಗೆಯೇ. ಹೊಡೆಯದೆ ಇರುವಾಗ ನಳಿಕೆಯೊಳಗೆ ಬಣ್ಣದ ಪ್ಲಾಸ್ಟಿಕ್ ದಾರ ತೂರಿಸಿ ಇಟ್ಟಿರಲೇಬೇಕು. ಗನ್ ಖಾಲಿ ಇದೆ ಎಂದು ಬಾಯಲ್ಲಿ ಹೇಳಿದರೆ ಯಾರೂ ಒಪ್ಪುವುದಿಲ್ಲ.

ಇಲ್ಲಿ ಗಮನಿಸಬೇಕಾದ್ದು ಒಂದಿದೆ. ಈ ಏರ್ಪಾಡಿನಲ್ಲಿ ಯಾವುದೂ ‘ಹುಡುಗ ಜಾಣ, ನೋಡಿಕೊಂಡು ಹೊಡೆಯುತ್ತಾನೆ’ ಎಂಬ ನಂಬಿಕೆಯ ಮೇಲೆ ನಿಂತಿಲ್ಲ. ಹುಡುಗ ತಪ್ಪು ಮಾಡೇ ಮಾಡುತ್ತಾನೆ ಎಂದುಕೊಂಡೇ ದಿಬ್ಬ ಕಟ್ಟಿದ್ದಾರೆ, ಗುಂಡು ಎಣಿಸಿದ್ದಾರೆ, ಪಕ್ಕದಲ್ಲಿ ಒಬ್ಬರನ್ನು ಕೂರಿಸಿದ್ದಾರೆ. ಮಗುವಿನ ಪಾಲಿಗೆ ಬಿಟ್ಟಿರುವುದು ಗುರಿ ಇಡುವುದು ಮಾತ್ರ. ಉಳಿದ ಹೊಣೆಯೆಲ್ಲ ದೊಡ್ಡವರದು.

ಹಾಗೆಂದು ‘ರೇಂಜ್’ ಎಂದು ಬೋರ್ಡ್ ಹಾಕಿದ ಕೂಡಲೇ ಜಾಗ ಸುರಕ್ಷಿತ ಆಗುವುದಿಲ್ಲ. ಇದಕ್ಕೆ ಅಮೆರಿಕದ ಎರಡು ಪ್ರಕರಣ ನೋಡಬೇಕು. 2008ರ ಅಕ್ಟೋಬರ್‌ನಲ್ಲಿ ಮ್ಯಾಸಚೂಸೆಟ್ಸ್‌ನ ವೆಸ್ಟ್‌ಫೀಲ್ಡ್‌ನಲ್ಲಿ ಗನ್ ಪ್ರದರ್ಶನವೊಂದಿತ್ತು. ಎಂಟು ವರ್ಷದ ಹುಡುಗ ಸಣ್ಣ ಊಜಿ ಮಷಿನ್‌ಗನ್ ಹಿಡಿದು ಹೊಡೆದ. ಅದರ ಒದೆತಕ್ಕೆ ನಳಿಕೆ ಮೇಲೆದ್ದು ಹಿಂದಕ್ಕೆ ತಿರುಗಿ, ತನ್ನದೇ ಗುಂಡಿಗೆ ಅವನು ಬಲಿಯಾದ. ಅವನ ತಂದೆ ಸ್ಥಳದಲ್ಲೇ ಇದ್ದರು. ಆ ಹುಡುಗನ ಪಕ್ಕದಲ್ಲಿ ಮೇಲ್ವಿಚಾರಣೆಗೆ ನಿಂತಿದ್ದವನ ವಯಸ್ಸು 15! ಪ್ರದರ್ಶನ ಏರ್ಪಡಿಸಿದ್ದ ಮಾಜಿ ಪೊಲೀಸ್ ಮುಖ್ಯಸ್ಥನ ಮೇಲೆ ಮೊಕದ್ದಮೆ ನಡೆದು 2011ರಲ್ಲಿ ಖುಲಾಸೆಯಾಯಿತು. ಆರು ವರ್ಷದ ನಂತರ, 2014ರ ಆಗಸ್ಟ್‌ನಲ್ಲಿ, ಅರಿಜೋನಾದ ಪ್ರವಾಸಿ ರೇಂಜೊಂದರಲ್ಲಿ ಒಂಬತ್ತು ವರ್ಷದ ಹುಡುಗಿ ಅಂಥದ್ದೇ ಊಜಿ ಹಿಡಿದಳು. ಮೊದಲು ಒಂದೇ ಗುಂಡು ಹೊಡೆಸಿ, ಸರಿಯಾಗಿ ಹೊಡೆದಳು ಎಂದು ತರಬೇತುದಾರ ಅದನ್ನು ಫುಲ್ ಆಟೊಗೆ ಬದಲಿಸಿಕೊಟ್ಟ. ಗನ್ ಅವಳ ಹಿಡಿತ ಮೀರಿ ಎದ್ದಿತು. ಎಡಕ್ಕೆ ನಿಂತಿದ್ದ ತರಬೇತುದಾರನೇ ಸತ್ತ. ಎಂಟು ವರ್ಷ ಆದವರಿಗೆ ಗನ್ ಕೊಡಬಹುದು ಎಂದು ಆ ರೇಂಜಿನ ನಿಯಮದಲ್ಲೇ ಇತ್ತು.

ಈ ಎರಡರಲ್ಲೂ ಜಾಗ, ಜನ ಎಲ್ಲವೂ ಇತ್ತು. ಇರದಿದ್ದದ್ದು ‘ಈ ಗನ್ ಈ ಕೈಗೆ ಆಗುವಂಥದ್ದೇ?’ ಎಂದು ಕೇಳಿ, ಆಗದು ಎಂದು ಹೇಳುವ ಒಬ್ಬ ಮನುಷ್ಯ. ಒಂದೊಂದಾಗಿ ಗುಂಡು ಹಾರುವ ರೈಫಲ್‌ನಲ್ಲಿ ತಪ್ಪಾದರೆ ಎರಡನೆಯ ಗುಂಡಿನೊಳಗೆ ತಡೆಯಬಹುದು. ಮಷಿನ್‌ಗನ್ ಅಷ್ಟು ಹೊತ್ತು ಕೊಡುವುದಿಲ್ಲ.

‘ಅದು ಅಮೆರಿಕ, ನಮ್ಮಲ್ಲಿ ಮಷಿನ್‌ಗನ್ ಎಲ್ಲಿದೆ’ ಎನ್ನುತ್ತೀರಿ. ಸರಿ. ನಮ್ಮ ಕಡೆ ಬರೋಣ. ಮುಂಡರಗಿ, ಶಿರಹಟ್ಟಿ, ಲಕ್ಷ್ಮೇಶ್ವರದ ಹಳ್ಳಿ ಹುಡುಗನೊಬ್ಬ ಜೀವನದಲ್ಲಿ ಮೊದಲ ಸಲ ಗನ್ ಹಿಡಿಯುವುದು ಎಲ್ಲಿ? ಜಾತ್ರೆಯಲ್ಲಿ. ಮಿರ್ಚಿ-ಮಂಡಕ್ಕಿ ಅಂಗಡಿ, ಬಳೆ ಅಂಗಡಿ, ತೊಟ್ಟಿಲ ಆಟದ ಸಾಲಿನಲ್ಲಿ ಬಲೂನು ಹೊಡೆಯುವ ಅಂಗಡಿ ಇದ್ದೇ ಇರುತ್ತದೆ. ಹಲಗೆಗೆ ಬಣ್ಣ ಬಣ್ಣದ ಬಲೂನು, ಮುಂದೊಂದು ಮೇಜು, ಮೇಲೆರಡು ಏರ್‌ಗನ್. ಹೆಸರು ಏನಾದರೂ ಇರಲಿ, ಅದೂ ಒಂದು ಶೂಟಿಂಗ್ ರೇಂಜೇ.

ಈಗ ಎನ್‌ಸಿಸಿ ರೇಂಜಿನ ಪಕ್ಕದಲ್ಲಿ ಇದನ್ನಿಟ್ಟು ನೋಡಿ. ಬಲೂನಿನ ಹಿಂದೆ ದಿಬ್ಬವಿಲ್ಲ, ಹಲಗೆ ಅಥವಾ ಬಟ್ಟೆ, ಅದರಾಚೆ ಜನ. ಎಷ್ಟೋ ಕಡೆ ಗುಂಡು ತುಂಬಿಕೊಡುವವನೇ ಹತ್ತು-ಹನ್ನೆರಡರ ಹುಡುಗ. ವೆಸ್ಟ್‌ಫೀಲ್ಡ್‌ನ 15 ವರ್ಷದವನಿಗಿಂತಲೂ ಚಿಕ್ಕವನು. ಹೊಡೆಯುವವನ ಎಡಬಲದಲ್ಲಿ ಗೆಳೆಯರು ಮೇಜಿಗೆ ಆತುಕೊಂಡು ನಿಂತಿರುತ್ತಾರೆ. ಬಲೂನು ಒಡೆಯದಿದ್ದರೆ ‘ಏ, ಗನ್ ಸೊಟ್ಟ ಐತಿ ನೋಡೋ’ ಎಂದು ನಗುತ್ತ ನಳಿಕೆಯನ್ನು ಗೆಳೆಯನ ಮುಖದ ಕಡೆಗೇ ತಿರುಗಿಸುತ್ತಾರೆ. ಮೊಬೈಲ್ ಬಂದ ಮೇಲೆ ಇನ್ನೊಂದು ಸೇರಿದೆ. ಗನ್ನನ್ನು ಕ್ಯಾಮೆರಾಕ್ಕೆ ಗುರಿ ಹಿಡಿದು ರೀಲ್ಸ್. ಕ್ಯಾಮೆರಾದ ಹಿಂದೆ ಒಂದು ಕಣ್ಣು ಇರುತ್ತದೆ ಎಂಬುದು ಆ ಹೊತ್ತಿನಲ್ಲಿ ಯಾರಿಗೂ ಹೊಳೆಯುವುದಿಲ್ಲ.

‘ಬರೀ ಏರ್‌ಗನ್ ಅಲ್ಲೇನ್ರಿ?’ ಈ ಒಂದು ಮಾತಿನಲ್ಲಿ ಎಲ್ಲ ಮುಗಿದುಹೋಗುತ್ತದೆ. 2022ರ ಮೇ ತಿಂಗಳಲ್ಲಿ ಕೊಡಗಿನ ಪೊನ್ನಂಪೇಟೆಯ ಶಾಲಾ ಆವರಣದಲ್ಲಿ ನಡೆದ ಬಜರಂಗದಳದ ಶಿಬಿರದ ಫೋಟೊಗಳು ಹೊರಬಂದಾಗಲೂ ಕೇಳಿಬಂದ ಸಮರ್ಥನೆ ಇದೇ, ಅವು ಏರ್‌ಗನ್, ಲೈಸೆನ್ಸ್ ಬೇಕಿಲ್ಲ. ಚರ್ಚೆ ಪೂರ್ತಿ ರಾಜಕೀಯದ ಕಡೆ ಹೋಯಿತು. ಲೈಸೆನ್ಸ್ ಬೇಡದ ಗನ್ ಅಂದರೆ ಅಪಾಯವಿಲ್ಲದ ಗನ್ ಎಂದರ್ಥವೇ ಎಂದು ಆಚೆ ಬದಿಯವರಾಗಲಿ ಈಚೆ ಬದಿಯವರಾಗಲಿ ಕೇಳಲಿಲ್ಲ.

ಕಾನೂನು ಏನು ಹೇಳುತ್ತದೆ ನೋಡೋಣ. ಪಿಎಸ್‌ಐ, ಕಾನ್‌ಸ್ಟೆಬಲ್ ಪರೀಕ್ಷೆಗೆ ಓದುವವರಿಗೆ ಇದು ಉಪಯೋಗಕ್ಕೂ ಬಂದೀತು. 1959ರ ಶಸ್ತ್ರಾಸ್ತ್ರ ಕಾಯ್ದೆಯ 9ನೇ ಸೆಕ್ಷನ್ ಪ್ರಕಾರ 21 ತುಂಬದವರು ಬಂದೂಕು ಹೊಂದುವಂತಿಲ್ಲ. ತರಬೇತಿಗೆ ಮಾತ್ರ ವಿನಾಯಿತಿ ಇದೆ. 2016ರ ನಿಯಮಗಳು 12 ವರ್ಷ ದಾಟಿದವರನ್ನು ಜೂನಿಯರ್ ಟಾರ್ಗೆಟ್ ಶೂಟರ್ ಎಂದು ಗುರುತಿಸುತ್ತವೆ, ಅದೂ ದೊಡ್ಡವರ ಮೇಲ್ವಿಚಾರಣೆಯಲ್ಲಿ. ಲೈಸೆನ್ಸ್ ಕೇಳುವವರು ಸುರಕ್ಷತಾ ತರಬೇತಿ ಪಡೆದಿರಬೇಕು, ಬಂದೂಕನ್ನು ಭದ್ರವಾಗಿ ಇಡುತ್ತೇನೆಂದು ಮುಚ್ಚಳಿಕೆ ಬರೆದುಕೊಡಬೇಕು. ಆದರೆ 4.5 ಮಿಲಿಮೀಟರ್ ಬೋರ್ ಹಾಗೂ 20 ಜೌಲ್ ಶಕ್ತಿ ಮೀರದ ಏರ್‌ಗನ್‌ಗೆ ಲೈಸೆನ್ಸೇ ಬೇಡ. ಲೈಸೆನ್ಸ್ ಇಲ್ಲ ಎಂದ ಮೇಲೆ ತರಬೇತಿಯೂ ಇಲ್ಲ, ಮುಚ್ಚಳಿಕೆಯೂ ಇಲ್ಲ, ಠಾಣೆಯಲ್ಲಿ ದಾಖಲೆಯೂ ಇಲ್ಲ. ಒಲಿಂಪಿಕ್ಸ್‌ನಲ್ಲಿ ಬಳಸುವ 10 ಮೀಟರ್ ಏರ್ ರೈಫಲ್‌ನ ಗುಂಡಿನ ಶಕ್ತಿ 7.5 ಜೌಲ್ ಆಸುಪಾಸು, ಸೆಕೆಂಡಿಗೆ ಸುಮಾರು 170 ಮೀಟರ್ ವೇಗ. ಅಷ್ಟಕ್ಕೇ ರೇಂಜಿನಲ್ಲಿ ಅಷ್ಟೆಲ್ಲ ಕಟ್ಟುಪಾಡು. ಅಂಗಡಿಯಲ್ಲಿ ಕೇಳಿದವರಿಗೆ ಸಿಗುವ ಗನ್ನಿಗೆ ಅದರ ಎರಡೂವರೆ ಪಟ್ಟು ಮೀರುವ ಶಕ್ತಿ ಇರಬಹುದು, ಕಟ್ಟುಪಾಡು ಒಂದೂ ಇಲ್ಲ. ಪಳಗಿದವರಿಗೂ ಏರ್‌ಗನ್ ಆಟಿಕೆಯಲ್ಲ. 2025ರಲ್ಲಿ ದೆಹಲಿಯ ಕರ್ಣಿ ಸಿಂಗ್ ರೇಂಜಿನಲ್ಲಿ ಅನುಭವಿ ಶೂಟರ್ ಒಬ್ಬರು ಏರ್ ಪಿಸ್ತೂಲಿಗೆ ಗಾಳಿ ತುಂಬುವಾಗ ಸಿಲಿಂಡರ್ ಸಿಡಿದು ಎಡಗೈ ಹೆಬ್ಬೆರಳು ಕಳೆದುಕೊಂಡರು.

ಕಾನೂನಿನಲ್ಲಿ ಈ ತೂತು ಯಾಕೆ ಉಳಿದಿದೆ? ನನಗನ್ನಿಸುವುದು, ನಮ್ಮಲ್ಲಿ ಶಸ್ತ್ರದ ಕಾನೂನು ಹುಟ್ಟಿದ್ದೇ ಬೇರೆ ಕಾರಣಕ್ಕೆ. ಈ ಭಾಗದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 1857ರಲ್ಲಿ ಹತಾರ ಒಪ್ಪಿಸಿ ಎಂದ ಬ್ರಿಟಿಷರ ವಿರುದ್ಧ ಹಲಗಲಿಯ ಬೇಡರು ಎದ್ದರು. ಮರುವರ್ಷ ಮುಂಡರಗಿ ಭೀಮರಾಯ ಬಂಡೆದ್ದು ಕೊಪ್ಪಳದ ಕೋಟೆಯಲ್ಲಿ ಮಡಿದ. ಆ ಬಂಡಾಯದ ಕಿಡಿ ಹೊತ್ತಿದ್ದು ಹಮ್ಮಿಗಿಯಲ್ಲಿ ಸರಕಾರದವರು ವಶಪಡಿಸಿಕೊಂಡ ಆಯುಧಗಳಿಂದ. ಇಂದು ಸಿಂಗಟಾಲೂರು ಏತ ನೀರಾವರಿಯ ಬ್ಯಾರೇಜ್ ಇರುವ ಹಮ್ಮಿಗಿಯೇ ಅದು. ಅತ್ತ ಕೊಡಗಿನವರಿಗೆ ನಿಷ್ಠೆಗೆ ಪ್ರತಿಯಾಗಿ ವಿನಾಯಿತಿ ಸಿಕ್ಕಿತು, ಇಂದಿಗೂ ಇದೆ, 2021ರಲ್ಲಿ ಹೈಕೋರ್ಟ್ ಕೂಡ ಎತ್ತಿಹಿಡಿಯಿತು. ಅಂದರೆ ಕಾನೂನು ಮೊದಲಿನಿಂದಲೂ ಕೇಳುತ್ತ ಬಂದದ್ದು ‘ನೀನು ಯಾರು, ನಂಬಬಹುದೇ’ ಎಂದು. ‘ರಾತ್ರಿ ಅದನ್ನು ಎಲ್ಲಿ ಇಡುತ್ತೀ, ಮನೆಯಲ್ಲಿ ಮಕ್ಕಳಿದ್ದಾರೆಯೇ’ ಎಂದಲ್ಲ. ಈಗಲೂ ಚುನಾವಣೆ ಬಂತೆಂದರೆ ಲೈಸೆನ್ಸ್ ಬಂದೂಕನ್ನು ಠಾಣೆಗೆ ಒಪ್ಪಿಸಿ ರಸೀದಿ ಪಡೆಯುತ್ತೇವೆ. ಶಾಲೆಗೆ ಬೇಸಿಗೆ ರಜೆ ಬಂತೆಂದು ಯಾರೂ ಬಂದು ಬಂದೂಕು ವಿಚಾರಿಸುವುದಿಲ್ಲ.

ಕೊಡಗಿನದು ಒಂದು ವಿಶೇಷ. ಕೈಲ್‌ಪೋದ್ ಹಬ್ಬದಲ್ಲಿ ಬಂದೂಕಿಗೆ ಹೂವಿಟ್ಟು ಪೂಜಿಸುತ್ತಾರೆ, ನಂತರ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ. ಅಲ್ಲಿ ಬಂದೂಕು ಮನೆಮಂದಿಯ ನಡುವೆ, ಹಿರಿಯರ ಕಣ್ಣೆದುರು ಹೊರಬರುತ್ತದೆ. ಆ ಶಿಸ್ತು ಮೆಚ್ಚುವಂಥದ್ದೇ. ಆದರೆ ಸಂಪ್ರದಾಯ ಕಲಿಸಿದ ಎಚ್ಚರ ಆ ಸಂಪ್ರದಾಯದೊಳಗೆ ಬೆಳೆದವರಿಗಷ್ಟೇ ಗೊತ್ತಿರುತ್ತದೆ. ಅದೇ ಮಲೆನಾಡಿನ ತೋಟ, ಎಸ್ಟೇಟುಗಳಿಗೆ ಕೂಲಿಗೆ ಹೋಗುವವರು ಯಾರು? ನಮ್ಮವರು. ಮಳೆ ಕೈಕೊಟ್ಟ ವರ್ಷ ಗದಗ, ಹಾವೇರಿ, ಕೊಪ್ಪಳದ ಹಳ್ಳಿಗಳಿಂದ ಮಕ್ಕಳನ್ನೂ ಕಟ್ಟಿಕೊಂಡು ಗುಳೆ ಹೋಗುತ್ತಾರೆ. ಅಪ್ಪ ಅವ್ವ ಕೆಲಸಕ್ಕೆ ಹೋದರೆ ಶೆಡ್ಡಿನಲ್ಲಿ ಉಳಿಯುವುದು ಮಕ್ಕಳು, ಮತ್ತು ಮಂಗ, ಹಂದಿ, ನಾಯಿ ಓಡಿಸಲು ಮಾಲೀಕರು ತಂದಿಟ್ಟ ಗನ್. ನಾಗಮಂಗಲದಲ್ಲಿ ಸತ್ತದ್ದು ವಲಸೆ ಬಂದ ಕುಟುಂಬದ ಮಗು ಎಂಬುದನ್ನು ಮರೆಯಬಾರದು. ಕಂಡವರ ಗನ್ನಿನ ಪಕ್ಕದಲ್ಲಿ ಮಗುವನ್ನು ಬಿಟ್ಟು ಹೋಗಬೇಕಾದ ಬಡತನಕ್ಕೆ ‘ಪಾಲಕರು ನೋಡಿಕೊಳ್ಳಬೇಕಿತ್ತು’ ಎಂದು ಬುದ್ಧಿ ಹೇಳುವುದು ಸುಲಭ.

ಹೊಣೆಯ ವಿಷಯದಲ್ಲಿ ಕಾನೂನು ಒಂದು ಕಡೆ ಸ್ಪಷ್ಟವಿದೆ. ಭಾರತೀಯ ನ್ಯಾಯ ಸಂಹಿತೆಯ 20ನೇ ಸೆಕ್ಷನ್ ಪ್ರಕಾರ ಏಳು ವರ್ಷದೊಳಗಿನ ಮಗು ಮಾಡಿದ್ದು ಅಪರಾಧವೇ ಅಲ್ಲ. ಏಳರಿಂದ ಹನ್ನೆರಡರ ನಡುವಿನ ಮಗುವಿಗೆ ತಾನು ಮಾಡುವುದರ ಪರಿಣಾಮ ತಿಳಿಯುವಷ್ಟು ಬುದ್ಧಿ ಬಲಿತಿರದಿದ್ದರೆ ಅದೂ ಅಪರಾಧವಲ್ಲ. ನಿರ್ಲಕ್ಷ್ಯದಿಂದ ಸಾವಿಗೆ ಕಾರಣವಾದ ದೊಡ್ಡವರಿಗೆ 106ನೇ ಸೆಕ್ಷನ್‌ನಲ್ಲಿ ಐದು ವರ್ಷದವರೆಗೆ ಶಿಕ್ಷೆ ಇದೆ. ಮಗುವಿನ ಬೆರಳಿನ ಮೇಲೆ ಅಪರಾಧವಿಲ್ಲ ಎಂದ ಮೇಲೆ ಆ ಬೆರಳಿಗೆ ಗನ್ ಎಟುಕುವಂತೆ ಇಟ್ಟವರನ್ನೇ ಕೇಳಬೇಕು. ಆದರೆ ಇದೆಲ್ಲ ಸಾವಾದ ಮೇಲಿನ ಮಾತು. ಅಣ್ಣನನ್ನು ಕಳೆದುಕೊಂಡ ತಮ್ಮನಿಗೆ ಯಾವ ಸೆಕ್ಷನ್ ಓದಿ ಹೇಳುತ್ತೀರಿ?

ಏರ್‌ಗನ್ನಿಗೂ ಮಾರಾಟದ ಹೊತ್ತಿಗೆ ವಯಸ್ಸು ಕೇಳುವ, ಹೆಸರು ಬರೆದುಕೊಳ್ಳುವ, ಬೀಗದ ಮುಚ್ಚಳಿಕೆ ಪಡೆಯುವ ನಿಯಮ ಬರಬೇಕು. ಅದು ದೆಹಲಿಯಲ್ಲಿ ಆಗಬೇಕಾದ ಕೆಲಸ, ಯಾವಾಗ ಆಗುತ್ತದೋ ಗೊತ್ತಿಲ್ಲ. ಅಲ್ಲಿಯವರೆಗೆ ನಮ್ಮ ಕೈಯಳತೆಯಲ್ಲಿ ಇರುವುದು ಜಾತ್ರೆ. ಜಾತ್ರೆಯ ಅಂಗಡಿ ಜಾಗ ಕೊಡುವುದು ಕಮಿಟಿಯವರು ಇಲ್ಲವೇ ಪಂಚಾಯಿತಿಯವರು. ಸ್ವಯಂಸೇವಕರಾಗಿ ಬ್ಯಾಡ್ಜ್ ಹಾಕಿಕೊಂಡು ನಿಲ್ಲುವವರು ನಾವೇ, ಅದರಲ್ಲೂ ಎನ್‌ಸಿಸಿಯಲ್ಲಿ ‘ಖಾಲಿ ಕರ್’ ಕಲಿತವರು. ಬಲೂನು ಅಂಗಡಿಗೆ ಜಾಗ ಕೊಡುವಾಗ ನಾಲ್ಕು ಷರತ್ತು ಬರೆಸಲು ಸಾಧ್ಯವಿಲ್ಲವೇ? ನಳಿಕೆ ಪಕ್ಕಕ್ಕೆ ತಿರುಗದಷ್ಟು ಗಿಡ್ಡ ಸರಪಳಿಯಲ್ಲಿ ಗನ್ನನ್ನು ಮೇಜಿಗೆ ಕಟ್ಟಿರಬೇಕು. ಬಲೂನಿನ ಹಿಂದೆ ದಪ್ಪ ಮರಳು ಚೀಲದ ಗೋಡೆ ಇರಬೇಕು, ಬದಿಗಳಿಗೆ ತಡೆ ಕಟ್ಟಿ ನೋಡುವವರನ್ನು ಹಿಂದೆ ನಿಲ್ಲಿಸಬೇಕು. ಗುಂಡು ತುಂಬುವುದು ದೊಡ್ಡವರೇ ಆಗಿರಬೇಕು, ಹೊಡೆಯುವ ಮಗುವಿನ ಪಕ್ಕದಲ್ಲಿ ಅವರೇ ನಿಲ್ಲಬೇಕು. ಕಣ್ಣಿಗೆ ಗಾಗಲ್, ಮೇಜಿನ ಹತ್ತಿರ ರೀಲ್ಸ್ ಬಂದ್.

ಮರಳಿಗೆ ತುಂಗಭದ್ರೆಯ ದಂಡೆಯ ನಮ್ಮೂರುಗಳಲ್ಲಿ ಬರವಿಲ್ಲ. ಖರ್ಚು ಅಂದರೆ ಎರಡು ಗಜ ಸರಪಳಿ, ಒಂದಿಷ್ಟು ಖಾಲಿ ಗೊಬ್ಬರದ ಚೀಲ.